ಟ್ರೇ ಅಗಿ (ಸಸಿ) ತರುವ ಮುಂಚೆ ಬೀಜದ ಪೊಟ್ಟಣ ಕೇಳಿ: ನಮ್ಮ ಎರಡು ಎಕರೆ ಮೆಣಸಿನಕಾಯಿ ಹೋದದ್ದು ಹೀಗೆ

ಈ ಸಲ ಮೆಣಸಿನಕಾಯಿ ಹಚ್ಚಬೇಕು ಅಂತ ಇರುವವರು, ಅದರಲ್ಲೂ ಮಳೆಯನ್ನೇ ನಂಬಿದ ಎರೆಹೊಲದವರು, ಅಗಿಗೆ ಮುಂಗಡ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. 2023ರಲ್ಲಿ ನಾವು ಎರಡು ಎಕರೆಯಲ್ಲಿ 73 ಸಾವಿರ ರೂಪಾಯಿ ಕಳೆದುಕೊಂಡೆವು. ಆ ವರ್ಷ ಬರ ಇತ್ತು ನಿಜ. ಆದರೆ ಅದೇ ಬರದಲ್ಲಿ ಪಕ್ಕದ ಹೊಲದ ಕಾಕಾ ಬೆಳೆ ಉಳಿಸಿಕೊಂಡರು. ವ್ಯತ್ಯಾಸ ಇದ್ದದ್ದು ತಳಿಯಲ್ಲಿ.

ನಮ್ಮ ಹೊಲ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿದೆ. ಆಳವಾದ ಕಪ್ಪು ಮಣ್ಣು. ಅಪ್ಪ ಮೊದಲಿನಿಂದಲೂ ನಮ್ಮ ಕಡೆಯ ಹಳೇ ಸುಕ್ಕುಕಾಯಿ ತಳಿ, ಬ್ಯಾಡಗಿ ಕಡ್ಡಿಯನ್ನೇ ಹಚ್ಚುತ್ತಿದ್ದರು. ಸಾಲಿನ ನಡುವೆ ಉಳ್ಳಾಗಡ್ಡಿ, ಜೊತೆಗೆ ಜಯಧರ ಹತ್ತಿ. ದಸರಾ ಹೊತ್ತಿಗೆ ಉಳ್ಳಾಗಡ್ಡಿ ಮನೆಗೆ ಬರುತ್ತಿತ್ತು, ಸಂಕ್ರಾಂತಿ ಆಚೀಚೆ ಮೆಣಸಿನಕಾಯಿ, ಆಮೇಲೆ ಹತ್ತಿ. ಮೂರರಲ್ಲಿ ಒಂದು ಹೋದರೂ ಇನ್ನೆರಡು ಕೈ ಹಿಡಿಯುತ್ತಿದ್ದವು. ಧಾರವಾಡ, ಗದಗ, ಹಾವೇರಿ ಕಡೆಯ ಹಳೇ ರೈತರಿಗೆಲ್ಲ ಈ ಲೆಕ್ಕ ಗೊತ್ತು.

ನನಗೂ ಗೊತ್ತಿತ್ತು. ಆದರೂ ಹಿಂದಿನ ವರ್ಷದ ದರ ನೋಡಿ ಆಸೆ ಹುಟ್ಟಿತು. ಕಡ್ಡಿ ಎಕರೆಗೆ ಮೂರು ಕ್ವಿಂಟಲ್ ಬಂದರೆ ನಮ್ಮಲ್ಲಿ ಒಳ್ಳೆಯ ಬೆಳೆ. ಹೈಬ್ರಿಡ್ ಹಾಕಿದರೆ 20 ಕ್ವಿಂಟಲ್ ಅಂತ ಒಬ್ಬ ನರ್ಸರಿಯವರು ಹೇಳಿದರು. ಕಾಲುವೆ ಪಕ್ಕದ ಒಂದು ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದರು ಕೂಡ. ಗಿಡದ ತುಂಬ ಕೆಂಪು ಕಾಯಿ. ಬುಡದಲ್ಲಿ ಡ್ರಿಪ್ ಪೈಪ್ ಹರಿದಿತ್ತು. ಪೈಪ್ ನನ್ನ ಕಣ್ಣಿಗೆ ಬಿತ್ತು, ಆದರೆ ಮನಸ್ಸಿಗೆ ಹೋಗಲಿಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪ ಒಂದೇ ಮಾತು ಕೇಳಿದರು: "ತಮ್ಮಾ, ಆ ಹೊಲಕ್ಕ ಕಾಲುವಿ ನೀರು ಐತಿ. ನಮಗ ಏನೈತಿ?"

"ಬೋರ್ ಐತಲ್ಲಪ್ಪಾ" ಅಂದೆ. ಅಣ್ಣ ತಮ್ಮಂದಿರು ಮೂರು ಮನೆಯವರು ಹಂಚಿಕೊಳ್ಳುವ ಒಂದು ಬೋರು ಅದು. ಅಪ್ಪ ಮತ್ತೆ ಮಾತಾಡಲಿಲ್ಲ.

ಟ್ರೇ ಅಗಿ, ಒಂದಕ್ಕೆ 1 ರೂಪಾಯಿ 20 ಪೈಸೆ. ಎಕರೆಗೆ 9 ಸಾವಿರದಂತೆ 18 ಸಾವಿರ ಅಗಿ ತಂದೆ. ಜುಲೈ ಕೊನೆಯಲ್ಲಿ ಮಳೆ ಚೆನ್ನಾಗಿ ಆಯಿತು, ಹದ ನೋಡಿ ಹಚ್ಚಿದೆವು. ಹೈಬ್ರಿಡ್‌ಗೆ ಗೊಬ್ಬರ ಜಾಸ್ತಿ ಬೇಕು ಅಂದರು, ಅದನ್ನೂ ಕೊಟ್ಟೆವು. ಉಳ್ಳಾಗಡ್ಡಿ, ಹತ್ತಿ ಬೇಡ, ಗಿಡಕ್ಕೆ ಗಾಳಿ ಬೆಳಕು ಸಾಲುವುದಿಲ್ಲ ಅಂದರು, ಅವನ್ನೂ ಬಿಟ್ಟೆವು. ನೀರು ನೋಡದೆ ಹೈಬ್ರಿಡ್ ತಂದದ್ದು ಮೊದಲನೇ ತಪ್ಪು, ಇದು ಎರಡನೇದು. ಕೈ ಹಿಡಿಯುವ ಬೆಳೆಯನ್ನೇ ಹೊಲದಿಂದ ತೆಗೆದ ಹಾಗಾಯಿತು.

ಆಗಸ್ಟ್ ಬಂತು. ಆಶ್ಲೇಷ ಮಳೆ ಬರಲಿಲ್ಲ, ಮಘೆಯೂ ಬರಲಿಲ್ಲ. ದೇಶದಲ್ಲಿ 1901ರಿಂದ ಮಳೆ ಲೆಕ್ಕ ಇಟ್ಟಿದ್ದಾರಲ್ಲ, ಅಷ್ಟು ವರ್ಷಗಳಲ್ಲೇ ಅತಿ ಕಡಿಮೆ ಮಳೆಯಾದ ಆಗಸ್ಟ್ ಅದು. ಮುಂದೆ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿತು. ಎರೆಮಣ್ಣು ಬಿರುಕು ಬಿಟ್ಟಿತು. ಬೋರ್‌ನಲ್ಲಿ ದಿನಕ್ಕೆ ಒಂದೂವರೆ ತಾಸು ನೀರು, ಅದೂ ಮೂರು ಮನೆಗೆ. ಟ್ಯಾಂಕರ್ ತರಿಸಿ ಬುಡಬುಡಕ್ಕೆ ಹಾಕಿಸಿದೆವು.

ನಮ್ಮ ಗಿಡದಲ್ಲಿ ಹೂವೆಲ್ಲ ಒಂದೇ ಹೊತ್ತಿಗೆ ಬಂತು. ನೀರು ಚೆನ್ನಾಗಿರುವ ಕಡೆ ಅದೇ ಅದರ ಗುಣ. ಕಾಯಿ ಒಟ್ಟಿಗೆ ಬರುತ್ತದೆ, ಬಿಡಿಸುವ ಕೂಲಿ ಉಳಿಯುತ್ತದೆ. ಆದರೆ ಆ ಹತ್ತು ಹದಿನೈದು ದಿನ ನೀರು ತಪ್ಪಿದರೆ? ಬೆಳಿಗ್ಗೆ ಹೊಲಕ್ಕೆ ಹೋದರೆ ಗಿಡದ ಬುಡದಲ್ಲಿ ಹೂವು ಉದುರಿ ಬಿದ್ದಿರುತ್ತಿತ್ತು. ನೋಡಲಾಗುತ್ತಿರಲಿಲ್ಲ. ಒಣ ಹವೆ ಥ್ರಿಪ್ಸ್ ನುಸಿಗೆ ಹಬ್ಬ. ಗೊಬ್ಬರ ಕುಡಿದು ಬಂದ ಎಳೆ ಚಿಗುರು ಅದಕ್ಕೆ ಇನ್ನೂ ಇಷ್ಟ. ಎಲೆ ಮೇಲಕ್ಕೆ ದೋಣಿಯ ಹಾಗೆ ಮಡಚಿಕೊಂಡಿತು. ಮೇಲಕ್ಕೆ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಎರಡಕ್ಕೂ ಔಷಧ ಬೇರೆ. ಅದನ್ನು ನೋಡದೆ ಅಂಗಡಿಯವರು ಕೊಟ್ಟದ್ದನ್ನೆಲ್ಲ ಹೊಡೆದೆವು. ಆರು ಸಲ ಹೊಡೆದರೂ ಎಲೆ ಮುದುಡುವ ಈ ಮುಟುರು ನಿಲ್ಲಲಿಲ್ಲ.

ಕಾಕಾನ ಕಡ್ಡಿ ಗಿಡಗಳೂ ಬಾಡಿದ್ದವು. ಅವುಗಳ ಹೂವೂ ಉದುರಿತು. ಆದರೆ ಆ ಗಿಡ ಸುಮ್ನೆ ಕಾಯುತ್ತಾ ನಿಂತಿತು. ಸೆಪ್ಟೆಂಬರ್‌ನಲ್ಲಿ ಒಂದೆರಡು ಹದ ಮಳೆ ಆದದ್ದೇ ತಡ, ಮತ್ತೆ ಚಿಗುರಿ ಮತ್ತೆ ಹೂ ಬಿಟ್ಟಿತು. ಕಡ್ಡಿ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೂ ಕಟ್ಟುತ್ತದೆ. ಇಳುವರಿ ಕಡಿಮೆ ಅಂತ ನಾವು ಬೈಯುವ ತಳಿ ನಮ್ಮ ಮಳೆಯ ಗುಣವನ್ನು ತಲೆತಲಾಂತರದಿಂದ ಕಲಿತಿದೆ. ಎಕರೆಗೆ ಎರಡು ಕ್ವಿಂಟಲ್ ಕಾಯಿ ಅವರಿಗೆ ಸಿಕ್ಕಿತು. ನಡುವೆ ಹಾಕಿದ್ದ ಹತ್ತಿ ಬೇರೆ.

ನಮಗೆ ಎರಡು ಎಕರೆಯಿಂದ ಒಟ್ಟು ಐದು ಕ್ವಿಂಟಲ್. ಅದರಲ್ಲಿ ಎರಡು ಕ್ವಿಂಟಲ್ ಬಣ್ಣ ಹೋದ ಬಿಳಿಕಾಯಿ. ಬ್ಯಾಡಗಿ ಪೇಟೆಗೆ ಒಯ್ದಾಗ ಇನ್ನೊಂದು ಪಾಠ ಕಾದಿತ್ತು. ಅಲ್ಲಿ ಕಾಯಿಯನ್ನು ಬಣ್ಣದ ಮೇಲೆ, ಸುಕ್ಕಿನ ಮೇಲೆ ನೋಡುತ್ತಾರೆ. ಖಾರ ಕಡಿಮೆ, ಬಣ್ಣ ಜಾಸ್ತಿ, ಅದೇ ಬ್ಯಾಡಗಿಯ ಹೆಸರು. ಆ ಬಣ್ಣದ ಎಣ್ಣೆ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದೂ ಈ ಗುಣಕ್ಕೇ. ನಮ್ಮ ನುಣುಪು ಕಾಯಿಗೆ ಕಾಕಾನ ಕಡ್ಡಿಯ ಅರ್ಧ ದರವೂ ಬರಲಿಲ್ಲ. ಖರ್ಚು 1 ಲಕ್ಷ 12 ಸಾವಿರ, ಕೈಗೆ ಬಂದದ್ದು 39 ಸಾವಿರ.

ನರ್ಸರಿಗೆ ಹೋಗಿ ಕೇಳಿದೆ. "ಮಳೆ ಆಗಲಿಲ್ಲ, ಬೀಜ ಏನ್ ಮಾಡ್ತದರೀ?" ಅಂದರು. ಬೀಜ ಕೆಟ್ಟದ್ದಲ್ಲ, ಅದು ನನಗೂ ಗೊತ್ತು. ಆದರೆ ಆಮೇಲೆ ಅದೇ ತಳಿಯ ಖಾಲಿ ಪೊಟ್ಟಣ ಒಬ್ಬರ ಮನೆಯಲ್ಲಿ ಸಿಕ್ಕಿತು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ನೀರಾವರಿ ಜಮೀನಿಗೆ ಸೂಕ್ತ ಅಂತ ಬರೆದೇ ಇತ್ತು. ನಾನು ಅಗಿ ತಂದಿದ್ದೆ, ಪೊಟ್ಟಣ ನೋಡಿರಲೇ ಇಲ್ಲ. ಟ್ರೇನಲ್ಲಿ ಬರುವ ಅಗಿಗೆ ಹೆಸರು ಬಾಯಲ್ಲಿ ಮಾತ್ರ ಇರುತ್ತದೆ. ಇದು ನನಗೆ ಇವತ್ತಿಗೂ ಕೊರೆಯುತ್ತದೆ.

ಹಾಗಾಗಿ ಅಗಿ ತರುವಾಗ ಆ ಬೀಜದ ಪೊಟ್ಟಣವನ್ನೇ ತೋರಿಸಿ ಅಂತ ಕೇಳಿ. ಲಾಟ್ ನಂಬರ್, ಪರೀಕ್ಷೆ ಮಾಡಿದ ತಾರೀಖು, ಮೊಳಕೆ ಪ್ರಮಾಣ ಅದರ ಮೇಲೆ ಇರಬೇಕು. ಮೆಣಸಿನ ಬೀಜಕ್ಕೆ ಕನಿಷ್ಠ 60 ಪರ್ಸೆಂಟ್ ಮೊಳಕೆ ಅಂತ ನಿಯಮ ಇದೆ. ಫೋಟೋ ತೆಗೆದುಕೊಳ್ಳಿ, ತಳಿಯ ಹೆಸರು ಬರೆಸಿ ಬಿಲ್ ತಗೊಳ್ಳಿ. ಕೊಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ತೋರಿಸಿದ ಹೊಲಕ್ಕೆ ನೀರು ಎಲ್ಲಿಂದ ಬರುತ್ತದೆ, ಮಣ್ಣು ಯಾವುದು, ಎಷ್ಟು ಸಲ ಔಷಧ ಹೊಡೆದರು ಅಂತ ಆ ಹೊಲದವರನ್ನೇ ಕೇಳಿ. ನಮ್ಮ ಕಡೆಯವರಿಗೆ ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರ, ಹನುಮನಮಟ್ಟಿ ಮತ್ತು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಗಳು ದೂರ ಇಲ್ಲ, ಅಲ್ಲೂ ವಿಚಾರಿಸಿ. ಹೊಸ ತಳಿ ನೋಡಲೇಬೇಕು ಅನ್ನಿಸಿದರೆ ನಾಲ್ಕು ಸಾಲು ಹಚ್ಚಿ ನೋಡಿ. ಎರಡು ಎಕರೆ ಬೇಡ.

ಇದರ ಉಲ್ಟಾ ತಪ್ಪೂ ಆಗುತ್ತದೆ. ಶಿರಸಿಗೆ ಮದುವೆಯಾಗಿ ಹೋದ ನನ್ನ ಅಕ್ಕ, ತವರಿನ ಪ್ರೀತಿಗೆ ಅಲ್ಲಿ ಮಳೆಗಾಲದಲ್ಲಿ ಬ್ಯಾಡಗಿ ಹಚ್ಚಿದ್ದಳು. ಹಸಿರಾಗಿದ್ದ ಗಿಡ ಎರಡೇ ದಿನದಲ್ಲಿ ಜೋತುಬಿದ್ದು ಸತ್ತವು. ಕಾಂಡ ಕೊಯ್ದು ಗಾಜಿನ ಲೋಟದ ನೀರಲ್ಲಿ ಇಟ್ಟರೆ ಹಾಲಿನಂಥ ಎಳೆ ಇಳಿಯಿತು. ದುಂಡಾಣು ಸೊರಗು ರೋಗ ಅದು. ಹುಳಿ ಮಣ್ಣು, ನೀರು ನಿಲ್ಲುವ ಜಾಗ ಅದಕ್ಕೆ ಅನುಕೂಲ. ಅದೇ ಹಿತ್ತಲಲ್ಲಿ ಸೂಜಿಮೆಣಸು ಯಾರ ಆರೈಕೆಯೂ ಇಲ್ಲದೆ ವರ್ಷಗಟ್ಟಲೆ ಬದುಕಿದೆ. ಮಲೆನಾಡು, ಕರಾವಳಿಯವರು ಆ ರೋಗ ತಡೆಯುವ ತಳಿಗಳನ್ನು ಹುಡುಕಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಉಜ್ವಲಾ, ಅನುಗ್ರಹ ಅಂಥವು.

ಇನ್ನು ಕಡ್ಡಿ ಬೀಜವನ್ನು ಮನೆಯಲ್ಲೇ ಇಡುವವರಿಗೆ ಒಂದು ಮಾತು. ಮೆಣಸಿನಕಾಯಿಯಲ್ಲಿ ಜೇನುನೊಣ ಹಾರಾಡಿ ತಳಿ ಬೆರೆಯುತ್ತದೆ. ಪ್ರಮಾಣಿತ ಬೀಜ ಬೆಳೆಯುವವರು ಬೇರೆ ತಳಿಯಿಂದ 200 ಮೀಟರ್ ದೂರ ಬಿಡಬೇಕು ಅಂತ ಇದೆ. ಪಕ್ಕದಲ್ಲಿ ಹೈಬ್ರಿಡ್ ಇದ್ದ ಹೊಲದ ಬೀಜ ಇಟ್ಟುಕೊಳ್ಳಬೇಡಿ. ನಾವು ಹಾಕಿದ್ದ ಹೈಬ್ರಿಡ್‌ನಿಂದ ಕಾಕಾನ ಬೀಜವೂ ಆ ವರ್ಷ ಬೆರೆತಿರಬಹುದು ಅಂತ ಅಪ್ಪ ಎಚ್ಚರಿಸಿದರು. ಅದಕ್ಕೇ ಮರುವರ್ಷ ನಾನೂ ಕಾಕಾನೂ ಊರಾಚೆಯ ಹಳೇ ಹೊಲವೊಂದನ್ನು ಹುಡುಕಿಕೊಂಡು ಹೋದೆವು. ಸುಕ್ಕು ಚೆನ್ನಾಗಿದ್ದ ಕಾಯಿಗಳನ್ನು ಒಂದೊಂದಾಗಿ ಆರಿಸಿ ಎರಡು ಸೇರು ತಂದೆವು. ಒಂದು ಸೇರು ಕಾಕಾನಿಗೆ ಕೊಟ್ಟೆ.