ವಿಮಾನದ ಕ್ಯಾನೊಪಿ ಫ್ರೇಮಿಗೆ ಕೂರ್ತಿಲ್ಲ ಅಂತ ಎಳೆದು ಕೂರಿಸ್ಬೇಡಿ, ಪ್ಲೀಸ್

ಮನೇಲೇ ಕಿಟ್ ವಿಮಾನ (ಬಿಡಿಭಾಗ ತರಿಸಿ ನಾವೇ ಜೋಡಿಸೋದು) ಕಟ್ತಾ ಇರೋರು, ಮುಂದೆ ಕಟ್ಬೇಕು ಅಂತಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನಾನಿರೋದು ಅಮೆರಿಕದ ಒಹಾಯೋದಲ್ಲಿ, ನಾಲ್ಕು ವರ್ಷದಿಂದ ಗ್ಯಾರೇಜಲ್ಲಿ ಇಬ್ಬರು ಕೂರೋ ಅಲ್ಯೂಮಿನಿಯಂ ವಿಮಾನ ಕಟ್ತಿದೀನಿ. ರೆಕ್ಕೆ, ಬಾಲ ಎಲ್ಲ ಚೆನ್ನಾಗೇ ಆಯ್ತು, ಯಾಕಂದ್ರೆ ಈಗಿನ ಕಿಟ್‌ನಲ್ಲಿ ತೂತೆಲ್ಲ ಫ್ಯಾಕ್ಟರೀಲೇ ಹೊಡೆದು ಬಂದಿರುತ್ತೆ, ತೂತಿಗೆ ತೂತು ಸೇರಿಸಿ ಕ್ಲೀಕೊ (ತಾತ್ಕಾಲಿಕವಾಗಿ ಹಿಡಿಯೋ ಪಿನ್ನು) ಹಾಕಿದ್ರೆ ಪಾರ್ಟು ತಾನಾಗೇ ಜಾಗಕ್ಕೆ ಬರುತ್ತೆ, ಸ್ವಲ್ಪ ಆಚೀಚೆ ಇದ್ರೂ ಒತ್ತಿ ಹಿಡಿದ್ರೆ ಸಾಕು. ಆ ಅಭ್ಯಾಸಾನೇ ಕ್ಯಾನೊಪಿ ಹತ್ರ ನಂಗೆ ಮುಳುವಾಯ್ತು.

ಕ್ಯಾನೊಪಿ ಅಂದ್ರೆ ನಾವು ಕೂರೋ ಜಾಗಕ್ಕೆ ಮೇಲಿಂದ ಮುಚ್ಚೋ, ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಹಾಳೆನ ಕಾಯಿಸಿ ಉಬ್ಬಿಸಿರೋ ಗುಮ್ಮಟ, ಒಂದಿದ್ದ ಹಾಗೆ ಇನ್ನೊಂದಿರಲ್ಲ. ಕೆಳಗಿನ ಸ್ಟೀಲ್ ಪೈಪಿನ ಫ್ರೇಮು ವೆಲ್ಡಿಂಗ್ ಶಾಖಕ್ಕೆ ಒಂಚೂರು ಸೊಟ್ಟ ಆಗಿರುತ್ತೆ. ನನ್ನದ್ರಲ್ಲಿ ಬಲಗಡೆ ಹಿಂದಿನ ಮೂಲೇಲಿ 6 ಮಿ.ಮೀ. ಗ್ಯಾಪ್ ಇತ್ತು. ಕ್ಲ್ಯಾಂಪ್ ಹಾಕಿ ಎಳೆದೆ, ಕೂತ್ಕೊಳ್ತು. ನವೆಂಬರ್ ಕೊನೆ ಬೇರೆ, ಗ್ಯಾರೇಜಲ್ಲಿ 10 ಡಿಗ್ರೀನೂ ಇರ್ಲಿಲ್ಲ. ಫ್ರೇಮಿಗೆ ಸ್ಕ್ರೂ ಹಾಕೋಕೆ ಡ್ರಿಲ್ ಮಾಡ್ತಾ ಹೋದೆ, 17 ತೂತು ನೀಟಾಗಿ ಬಂತು. 18ನೇದು ಅದೇ ಮೂಲೆ. ಡ್ರಿಲ್ ಬಿಟ್ ಆಚೆ ಬದಿ ಮುಟ್ಟೋ ಹೊತ್ತಿಗೆ ಟಪ್ ಅಂತು. ತೂತಿನ ಅಂಚಿಂದ ಕೂದಲೆಳೆಯಷ್ಟು ಸಣ್ಣ ಗೆರೆ, ಹೆಬ್ಬೆರಳುದ್ದ, ಲೈಟ್ ಹಿಡಿದ್ರೆ ಬೆಳ್ಳಗೆ ಹೊಳೀತಿತ್ತು. ಕ್ಲ್ಯಾಂಪ್ ಬಿಚ್ಚೋಕೂ ಭಯ ಆಗಿ ಹಾಗೇ ಬಿಟ್ಟು ಮಲಗಿದೆ, ಬೆಳಗ್ಗೆ ನೋಡಿದ್ರೆ ಒಂದಡಿ ಆಗಿತ್ತು.

ಎಲ್ಲರೂ ಬಿಟ್ ಬಗ್ಗೆ ಎಚ್ಚರಿಸ್ತಾರೆ, ಮಾಮೂಲಿ ಬಿಟ್ ಅಕ್ರಿಲಿಕ್‌ನ ಕಚ್ಚಿ ಎಳೆಯುತ್ತೆ, ಚೂಪು ಮೂತಿಯ ಪ್ಲಾಸ್ಟಿಕ್ ಬಿಟ್ಟೇ ಬೇಕು ಅಂತ. ಅದು ನಿಜ, ಆದ್ರೆ ನಾನು ಬಳಸಿದ್ದೂ ಅದನ್ನೇ. ಇಎಎ (ಮನೇಲಿ ವಿಮಾನ ಕಟ್ಟೋರ ಸಂಘ) ಇಲ್ಲಿನ ಶಾಖೆಯ ಟೆಕ್ನಿಕಲ್ ಕೌನ್ಸೆಲರ್, ಅಂದ್ರೆ ಕಟ್ಟೋರಿಗೆ ಸಲಹೆ ಕೊಡೋರು, ಒಬ್ಬರು ಬಂದು ನೋಡಿ ಮೊದಲು ಕೇಳಿದ್ದೇ ಕ್ಲ್ಯಾಂಪ್ ತೆಗೆದ್ರೆ ಆ ಮೂಲೆ ಎಷ್ಟು ಮೇಲೆ ಏಳುತ್ತೆ ಅಂತ. ಎಳೆದು ಹಿಡಿದಾಗ್ಲೇ ಅಕ್ರಿಲಿಕ್ ಒಳಗೆ ಬಿಗಿ ಕೂತಿರುತ್ತೆ, ಚಳಿಗೆ ಅದು ಇನ್ನೂ ಪೆಡಸಾಗುತ್ತೆ, ಬಿರುಕು ಶುರುವಾಗೋಕೆ ಒಂದು ಜಾಗ ಬೇಕಿರುತ್ತೆ ಅಷ್ಟೆ, ಅದನ್ನ ನನ್ನ ತೂತು ಕೊಡ್ತು. ಈ ಸಲ ಒಡೀದೇ ಇದ್ದಿದ್ರೂ ಮುಂದೆ ಒಂದಿನ ಮೇಲೆ ಹಾರ್ತಿರೋವಾಗ ಒಡೀಬಹುದಿತ್ತು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಅದಕ್ಕೇ ಹೇಳ್ತಿರೋದು, ಕ್ಲ್ಯಾಂಪ್ ಇಲ್ದೆ ಬರೀ ತನ್ನ ಭಾರಕ್ಕೆ ಕ್ಯಾನೊಪಿ ಫ್ರೇಮ್ ಮೇಲೆ ಕೂರ್ಬೇಕು. ಕೂರ್ಲಿಲ್ಲ ಅಂದ್ರೆ ಬಗ್ಗಬೇಕಿರೋದು ಫ್ರೇಮು. ಕ್ಯಾನೊಪಿ ಪಕ್ಕಕ್ಕಿಟ್ಟು, ಪೈಪಿಗೆ ಮರದ ತುಂಡು ಕೊಟ್ಟು ಚೂರುಚೂರೇ ಬಗ್ಗಿಸಿ, ಮತ್ತೆ ಇಟ್ಟು ನೋಡಿ. ನಾನೀಗ ಹೀಗೇ ಮೂರು ಸಂಜೆ ಕೂತು 6 ಮಿ.ಮೀ.ನ 1ಕ್ಕೆ ಇಳಿಸಿದೀನಿ, ಉಳಿದಿದ್ದಕ್ಕೆ ಸಂದೀಲಿ ಎಪಾಕ್ಸಿ ಅಂಟು ತುಂಬ್ತೀನಿ. ಕ್ಯಾನೊಪಿ ಅಂಚು ಕತ್ತರಿಸಿದ ಮೇಲೆ ಗೀರು ಉಳೀದ ಹಾಗೆ ಎಮೆರಿ ಪೇಪರಲ್ಲಿ ಉಜ್ಜಿ, ಬೆರಳಿಗೆ ತಾಗೋ ಗೀರೆಲ್ಲ ನಾಳಿನ ಬಿರುಕೇ. 27 ಡಿಗ್ರಿಗಿಂತ ಕಮ್ಮಿ ಇದ್ರೆ ಕತ್ತರಿಸೋದೂ ಬೇಡ, ತೂತೂ ಬೇಡ. ತೂತು ಸ್ಕ್ರೂಗಿಂತ ದೊಡ್ಡದೇ ಇರ್ಲಿ, ಬಿಸಿಲಿಗೆ ಅಕ್ರಿಲಿಕ್ ಅಲ್ಯೂಮಿನಿಯಂಗಿಂತ ಹೆಚ್ಚುಕಮ್ಮಿ ಮೂರು ಪಟ್ಟು ಹಿಗ್ಗುತ್ತೆ. ಅಸಿಟೋನ್, ಅಮೋನಿಯಾ ಇರೋ ಗ್ಲಾಸ್ ಕ್ಲೀನರ್, ಸ್ಕ್ರೂಗೆ ಹಾಕೋ ಥ್ರೆಡ್ ಲಾಕರ್ ಯಾವುದನ್ನೂ ಹತ್ರ ತರ್ಬೇಡಿ.

ಬಿರುಕಿನ ತುದೀಲಿ ಸಣ್ಣ ತೂತು ಹೊಡೆದು ನಿಲ್ಲಿಸ್ತಾರೆ, ನಾನೂ ಹೊಡೆದೆ, ನಿಂತಿದೆ. ಆದ್ರೂ ಅದನ್ನ ತಲೆ ಮೇಲೆ ಇಟ್ಕೊಂಡು ಹಾರೋಕೆ ಮನಸ್ಸು ಒಪ್ಪಲಿಲ್ಲ, ಹೊಸದು ತರಿಸಿದೀನಿ. ಅದರ ಪೆಟ್ಟಿಗೆ ಈಗ ನಡುಮನೇಲಿದೆ, ಜುಲೈ ಬರೋವರೆಗೆ ಬಿಚ್ಚಲ್ಲ. ಹಳೇದನ್ನ ತುಂಡು ಮಾಡಿ ಇಟ್ಟಿದೀನಿ, ಹತ್ತಿರದಲ್ಲಿ ಯಾರಾದ್ರೂ ಕಟ್ತಾ ಇದ್ರೆ ತೂತು ಹೊಡೆದು ಕಲಿಯೋಕೆ ತಗೊಂಡು ಹೋಗಿ.