ಮೇ ತಿಂಗಳಲ್ಲಿ ಅಗ್ಗಕ್ಕೆ ಸಿಗುವ ಕನ್ವರ್ಟಿಬಲ್: ಮೊದಲು ಕಾರ್ಪೆಟ್ ಎತ್ತಿ ನೋಡಿ

ಬೇಸಿಗೆಯಲ್ಲಿ ಮುಂಬೈಯ ಹಳೆಯ ಕನ್ವರ್ಟಿಬಲ್ (ಛಾವಣಿ ಮಡಚುವ ಕಾರು) ಮದುಮಗನ ಹಾಗೆ ಕಾಣುತ್ತದೆ. ಬಟನ್ ಒತ್ತಿದರೆ ಟಾಪ್ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಮರೀನ್ ಡ್ರೈವ್‌ನಲ್ಲಿ ಒಂದು ಸುತ್ತು ಹೊಡೆಸಿದರೆ ವ್ಯಾಪಾರ ಕುದುರಿಯೇ ಬಿಡುತ್ತದೆ. ಜುಲೈ ಬಂದಾಗ ಅದೇ ಕಾರಿನ ಡಿಕ್ಕಿಯಲ್ಲಿ ನೀರು, ಟಾಪ್ ಅರ್ಧಕ್ಕೇ ನಿಂತಿರುತ್ತದೆ, ಮೇಲೊಂದು ಟಾರ್ಪಾಲು. ದುಡ್ಡು ಕಳೆದುಕೊಂಡವರು ಬಯ್ಯುವುದು ಛಾವಣಿಯ ಬಟ್ಟೆಯನ್ನು. ತಪ್ಪು ಹೆಚ್ಚಾಗಿ ಅಲ್ಲಿರುವುದಿಲ್ಲ.

ಟಾಪ್ ಮಡಚಿ ಕೂರುವ ಗುಂಡಿಯ ಮೂಲೆಗಳಲ್ಲಿ ಡ್ರೈನ್ ತೂತುಗಳಿರುತ್ತವೆ. ಅಲ್ಲಿಗಿಳಿದ ಮಳೆನೀರು ಪೈಪಿನ ಮೂಲಕ ಕಾರಿನಡಿಗೆ ಸುರಿಯಬೇಕು. ಗುಲ್‌ಮೊಹರ್ ಮರದಡಿ ನಿಲ್ಲಿಸಿದ ಕಾರಿನಲ್ಲಿ ಆ ಪುಡಿ ಎಲೆ, ಧೂಳು ಸೇರಿ ಕೆಸರಾಗಿ ಪೈಪು ಕಟ್ಟುತ್ತದೆ. ಆಮೇಲೆ ನೀರು ಸೀಟಿನ ಹಿಂದಕ್ಕೆ, ಡಿಕ್ಕಿಯ ತಳಕ್ಕೆ ಹರಿಯುತ್ತದೆ. ಟಾಪ್ ಎತ್ತುವ ಹೈಡ್ರಾಲಿಕ್ ಪಂಪು ಎಷ್ಟೋ ಮಾಡೆಲ್‌ಗಳಲ್ಲಿ ಇರುವುದೇ ಅಲ್ಲಿ. ಬಿಎಂಡಬ್ಲ್ಯು ಝಡ್4ರ ಮೊದಲ ತಲೆಮಾರು (2002ರಿಂದ 2008) ಇದಕ್ಕೆ ಹೆಸರುವಾಸಿ: ಪಂಪಿನ ಮೋಟಾರು ಡ್ರೈನ್ ಪಕ್ಕದಲ್ಲೇ ಸ್ಪಂಜಿನ ಹೊದಿಕೆಯೊಳಗೆ ಕೂತಿರುತ್ತದೆ, ಡ್ರೈನ್ ಕಟ್ಟಿತೆಂದರೆ ಸ್ಪಂಜು ನೀರು ಕುಡಿದು ಮೋಟಾರನ್ನು ನೆನೆಸಿಡುತ್ತದೆ.

ಆದ್ದರಿಂದ ಕೊಳ್ಳುವ ಮುಂಚೆ ಅರ್ಧ ಲೀಟರ್ ನೀರಿನ ಬಾಟಲಿ ಒಯ್ಯಿರಿ. ಒಂದೊಂದು ಮೂಲೆಗೂ ನಿಧಾನ ಸುರಿದು ಬಗ್ಗಿ ನೋಡಿ, ಬೆನ್ನಿಗೇ ಕೆಳಗೆ ಬೀಳಬೇಕು. ನಿಂತರೆ ಪೈಪು ಕಟ್ಟಿದೆ ಎಂದರ್ಥ. ಹುಲ್ಲು ಕತ್ತರಿಸುವ ಯಂತ್ರದ 2–3 ಮಿ.ಮೀ. ನೈಲಾನ್ ದಾರ ತೂರಿಸಿ ಬಿಡಿಸಬಹುದು. ಕಂಪ್ರೆಸರ್ ಗಾಳಿ ಮಾತ್ರ ಹೊಡೆಸಬೇಡಿ. ಬಾಡಿಯೊಳಗೆ ಪೈಪಿನ ಜೋಡಣೆ ಕಳಚಿದರೆ ಮುಂದಿನ ಮಳೆಯೆಲ್ಲ ನೇರ ಒಳಕ್ಕೆ.

ಕಾರ್ಪೆಟ್ ಮೇಲ್ಮೈ ಒಣಗಿದ್ದರೆ ನಂಬಬೇಡಿ, ಅಡಿಯ ಸ್ಪಂಜು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಕೈಯಿಂದ ಒತ್ತಿ. ಸೀಟಿನ ಬೋಲ್ಟ್‌ಗಳಿಗೆ ತುಕ್ಕು, ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಪುಡಿ ಕಂಡರೆ ಆ ಕಾರು ಬಿಟ್ಟುಬಿಡಿ. ಕಡಲ ಉಪ್ಪುಗಾಳಿಯಲ್ಲಿ ಈ ರೋಗ ಒಮ್ಮೆ ಶುರುವಾದರೆ ವೈರಿಂಗ್ ಉದ್ದಕ್ಕೂ ತೆವಳುತ್ತದೆ. ಜಾಸ್ತಿ ಸೆಂಟಿನ ವಾಸನೆಯೂ ಒಳ್ಳೆಯ ಲಕ್ಷಣವಲ್ಲ, ಒದ್ದೆ ವಾಸನೆ ಮುಚ್ಚಲು ಹೊಡೆದಿರಬಹುದು.

ಟಾಪನ್ನು ಎಂಜಿನ್ ಚಾಲೂ ಇಟ್ಟು ಮೂರು ಸಲ ತೆರೆದು ಮುಚ್ಚಿ; ಟಾಪನ್ನು ತಳ್ಳುವ ಹೈಡ್ರಾಲಿಕ್ ಸಿಲಿಂಡರಿನ ಸೀಲ್ ಹೋಗಿದ್ದರೆ ಎಣ್ಣೆ ಜಿನುಗುತ್ತದೆ. ಟಾಪ್ ಅಲುಗದೇ ಇದ್ದರೆ ಪಂಪು ಸತ್ತಿತೆಂದು ಹೆದರುವ ಮೊದಲು ಡಿಕ್ಕಿಯೊಳಗಿನ ಲಗೇಜ್ ಪರದೆ (ಸಾಮಾನನ್ನು ಟಾಪ್ ಮಡಚುವ ಜಾಗದಿಂದ ಬೇರ್ಪಡಿಸುವ ತೆರೆ) ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ಸರಿಯಾಗಿ ಕೂರದಿದ್ದರೆ ಟಾಪ್ ಅಲುಗುವುದಿಲ್ಲ, ಮಾಡಿರುವುದೇ ಹಾಗೆ. ಇದು ಗೊತ್ತಿಲ್ಲದೆ ಹೊಸ ಪಂಪು ಹಾಕಿಸುವವರೂ ಇದ್ದಾರೆ, ಗ್ಯಾರೇಜಿನವರಿಗೆ ಹಬ್ಬ.

ಸುಖವಿಲ್ಲವೆಂದಲ್ಲ. ಪುಣೆಯ ಡಿಸೆಂಬರ್ ಬೆಳಗು, ಗೋವಾದ ಜನವರಿ ಸಂಜೆ, ಆ ಗಾಳಿಗೆ ಸಾಟಿಯಿಲ್ಲ. ಆದರೆ ಟಾಪ್ ಮಡಚಿದಾಗ ಡಿಕ್ಕಿಯಲ್ಲಿ ಉಳಿಯುವುದು ಸಣ್ಣ ಬ್ಯಾಗಿನಷ್ಟು ಜಾಗ. ಉಡುಪಿಯಿಂದ ಹಲಸಿನಹಣ್ಣು, ತೆಂಗಿನಕಾಯಿ ಹೇರಿಕೊಂಡು ಬರುವ ಆಸೆ ಇದ್ದರೆ ಬೇರೆ ಕಾರು ನೋಡಿ. ಒದ್ದೆ ಬಟ್ಟೆಯ ಟಾಪನ್ನು ಮಡಚಿಡಬೇಡಿ, ಬೂಷ್ಟು ಹಿಡಿದರೆ ಕಲೆ ಹೋಗುವುದಿಲ್ಲ.

ಇನ್ನು ಗೋವಾ ನಂಬರಿನ ಕಾರು ಮುಂಬೈಯಲ್ಲಿ ಕೊಳ್ಳುವವರಿಗೆ: ಬೇರೆ ರಾಜ್ಯದ ವಾಹನ 12 ತಿಂಗಳು ಮೀರಿ ಇಲ್ಲಿದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಹೊಸ ನಂಬರು ಮಾಡಿಸಲೇಬೇಕು, ಮಹಾರಾಷ್ಟ್ರದ ತೆರಿಗೆಯೂ ಕಟ್ಟಬೇಕು. ದುಬಾರಿ ಕಾರಿಗೆ ಅದು ಸಣ್ಣ ಮೊತ್ತವಲ್ಲ. "ಅಗ್ಗ"ದ ಲೆಕ್ಕ ಅಲ್ಲಿಗೇ ತಲೆಕೆಳಗು. ಗೋವಾ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.