ಸೈಕಲ್ ಟ್ರೇನರ್‌ಗೆ ಕಂಪ್ಯೂಟರ್: ಬ್ಲೂಟೂತ್ ಸಾಕೇ, ಆ್ಯಂಟ್ ಪ್ಲಸ್ ಬೇಕೇ?

ಸೈಕಲ್ ಟ್ರೇನರ್ ಎಂದರೆ ಮನೆಯೊಳಗೇ ನಿಂತಲ್ಲೇ ಸೈಕಲ್ ತುಳಿಯಲು ಬಳಸುವ ಸಾಧನ. ಅದನ್ನು ಕಂಪ್ಯೂಟರಿನ ತಂತ್ರಾಂಶಕ್ಕೆ ತಂತಿಯಿಲ್ಲದೆ ಜೋಡಿಸಲು ಎರಡು ದಾರಿ: ಬ್ಲೂಟೂತ್ ಮತ್ತು ಆ್ಯಂಟ್ ಪ್ಲಸ್. ಮೊದಲು ಗ್ರಾಫಿಕ್ಸ್ ವಿಚಾರ ಮುಗಿಸೋಣ. ಟ್ರೇನರ್‌ರೋಡ್‌ನಂತೆ ಬರೀ ಗ್ರಾಫ್ ತೋರಿಸುವ ತಂತ್ರಾಂಶಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಕು. ಜ್ವಿಫ್ಟ್‌ನಂಥ ತ್ರೀಡಿ ಲೋಕಕ್ಕೆ ಗ್ರಾಫಿಕ್ಸ್ ಚಿಪ್ಪೇ ಮುಖ್ಯ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಿಎಕ್ಸ್‌ಡಯಾಗ್ ಚಾಲೂ ಮಾಡಿ, ಡಿಸ್‌ಪ್ಲೇ ಪುಟದಲ್ಲಿ ಚಿಪ್ಪಿನ ಹೆಸರು ನೋಡಿ, ತಂತ್ರಾಂಶ ಕೇಳುವ ಚಿಪ್ಪಿನೊಂದಿಗೆ ಹೋಲಿಸಿ.

ಜನ ಎಡವುವುದು ಸಂಪರ್ಕದಲ್ಲಿ. ಟ್ರೇನರ್‌ಗೆ ಬೇಕಿರುವುದು ಬ್ಲೂಟೂತ್ 4.0ರಿಂದ ಬಂದ, ಕಡಿಮೆ ವಿದ್ಯುತ್ ಬಳಸುವ ಲೋ ಎನರ್ಜಿ (ಎಲ್ಇ) ಎಂಬ ಬಗೆ. ಹೆಡ್‌ಫೋನ್ ಕೂಡಿಕೊಂಡಿತು ಎಂದ ಮಾತ್ರಕ್ಕೆ ಅದು ಇದೆ ಎಂದಲ್ಲ. ಡಿವೈಸ್ ಮ್ಯಾನೇಜರ್‌ನ ಬ್ಲೂಟೂತ್ ಪಟ್ಟಿಯಲ್ಲಿ 'ಎಲ್ಇ ಎನ್ಯುಮರೇಟರ್' ಎಂಬ ಸಾಲು ಕಂಡರೆ ಇದೆ. ಟ್ರೇನರನ್ನು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಲ್ಲ, ತಂತ್ರಾಂಶದೊಳಗೇ ಜೋಡಿಸಿ. ಮ್ಯಾಕ್‌ನಲ್ಲಾದರೆ ಆ ತಂತ್ರಾಂಶಕ್ಕೆ ಬ್ಲೂಟೂತ್ ಅನುಮತಿ ಕೊಡಿ. ಹಲವು ಟ್ರೇನರ್‌ಗಳು ಬ್ಲೂಟೂತ್‌ನಲ್ಲಿ ಒಂದೇ ಸಾಧನಕ್ಕೆ ಓಗೊಡುತ್ತವೆ. ಫೋನ್ ಮೊದಲೇ ಹಿಡಿದಿದ್ದರೆ ಕಂಪ್ಯೂಟರ್‌ಗೆ ಟ್ರೇನರ್ ಕಾಣುವುದೇ ಇಲ್ಲ.

ಆ್ಯಂಟ್ ಪ್ಲಸ್‌ಗೆ ಈ ತಂಟೆಯಿಲ್ಲ: ಸಂಕೇತವನ್ನು ಬಿತ್ತರಿಸುತ್ತದೆ, ಕಂಪ್ಯೂಟರ್, ವಾಚು ಎರಡೂ ಏಕಕಾಲಕ್ಕೆ ಓದಬಹುದು. ಆದರೆ ಯುಎಸ್‌ಬಿ ಡಾಂಗಲ್, ಅಂದರೆ ಸಂಕೇತ ಹಿಡಿಯುವ ಪುಟ್ಟ ಕಡ್ಡಿ, ಬೇಕು. ಅದನ್ನು ಯುಎಸ್‌ಬಿ 3.0 ಪೋರ್ಟಿಗೆ ನೇರವಾಗಿ ಸಿಕ್ಕಿಸಿದರೆ, ಆ ಪೋರ್ಟ್ ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡಬಂದು ಸಂಕೇತ ನಡುನಡುವೆ ತುಂಡಾಗಬಹುದು. ಒಂದೆರಡು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಡಾಂಗಲನ್ನು ಟ್ರೇನರ್ ಪಕ್ಕಕ್ಕೇ ತನ್ನಿ.

ಪೆಡಲ್ ತುಳಿಯುವಾಗಿನ ಪ್ರತಿರೋಧವನ್ನು ತಂತ್ರಾಂಶವೇ ಬದಲಿಸಬೇಕೆಂದರೆ ಟ್ರೇನರ್ ವಿವರಗಳಲ್ಲಿ ಬ್ಲೂಟೂತ್‌ಗೆ ಎಫ್‌ಟಿಎಂಎಸ್, ಆ್ಯಂಟ್ ಪ್ಲಸ್‌ಗೆ ಎಫ್ಇ-ಸಿ ಎಂಬ ನಿಯಂತ್ರಣ ಮಾನಕ ಇದೆಯೇ ಎಂದು ಹುಡುಕಿ. ಲೋ ಎನರ್ಜಿ ಇರುವ ಲ್ಯಾಪ್‌ಟಾಪ್‌ಗೆ ಬ್ಲೂಟೂತೇ ಸರಳ. ಹಳೆಯ ಡೆಸ್ಕ್‌ಟಾಪ್‌ಗೆ, ಟ್ರೇನರಿನಲ್ಲಿ ಎಫ್ಇ-ಸಿ ಇದ್ದರೆ, ಡಾಂಗಲ್.